ಬಲ ಮೂಲೆಯ ಪಿನ್ನು

ಮಾರ್ಚ್ 3, ಬೆಳಿಗ್ಗೆ 10
ಮಗು ಮತ್ತೆ ಎದ್ದಳು. ಕಣ್ಣಿಗೆ ಮರಳು ಎರಚಿದ ಹಾಗಿದೆ. ಆರು ತಿಂಗಳಿಂದ ಮನೆಯಲ್ಲೇ ಪತ್ರಿಕೆಯ ಪುಟ ತಿದ್ದುವುದು — ತೊಡೆಯ ಮೇಲೆ ಇವಳು, ಮೊಣಕಾಲಿನ ತುದಿಗೆ ಲ್ಯಾಪ್‌ಟಾಪ್.
ಚೀಫ್ ಫೋನು. "ನಾಳೆ ಮುಖಪುಟ ಕಣಮ್ಮ! ರಕ್ಷಣಾ ಪ್ರಯೋಗಾಲಯದ ರಹಸ್ಯ ವರದಿ. ಅಂಚೇಲಿ ಬಂತು, ಕಳಿಸಿದ್ದು ಯಾವ ಪುಣ್ಯಾತ್ಮನೋ. ಪಕ್ಕದ ಊರಿನ ಬಾವಿಗಳಿಗೆ ವಿಷ ಇಳೀತಿರೋದು ನಾಲ್ಕು ವರ್ಷದಿಂದ ಗೊತ್ತಿತ್ತಂತೆ ಅವರಿಗೆ."
ನನ್ನ ಗಂಡ, ಇವರು, ಆ ಪ್ರಯೋಗಾಲಯದಲ್ಲೇ ಕಡತ ಗುಮಾಸ್ತರು. ಚೀಫ್‌ಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಮಧ್ಯಾಹ್ನ 2
ವರದಿಯ ಫೋಟೊ ಬಂತು. ಪಿನ್ನು ಬಲ ಮೂಲೆಯಲ್ಲಿ.
ಎದ್ದು ಮಗುವಿನ ಲಸಿಕೆ ಕಾಗದ ನೋಡಿದೆ. ಬಲ ಮೂಲೆ. ಮನೆ ಕರಾರು. ಬಲ ಮೂಲೆ. ಎರಡಕ್ಕೂ ಪಿನ್ನು ಹೊಡೆದದ್ದು ಇವರು; ಉಳಿದವರೆಲ್ಲ ಹೊಡೆಯುವುದು ಎಡ ಮೂಲೆಗೆ. ಇವರ ಇಡೀ ಆಫೀಸಿಗೆ ಎಡಗೈಯವರು ಇವರೊಬ್ಬರೇ. "ಎಡಚ" ಅಂತಲೇ ಕರೆಯುವುದು.
ಫೋಟೊದ ಆ ಮೂಲೆ ಕತ್ತರಿಸಿ ಪುಟ ಕಳಿಸಿದೆ. ಯಾರನ್ನೂ ಕೇಳಲಿಲ್ಲ.

ಮಾರ್ಚ್ 4
ಪೇಪರಿನಲ್ಲಿ ಬಂದ ಫೋಟೊದ ಕತ್ತರಿಸಿದ ಮೂಲೆಯ ಮೇಲೆ ಇವರು ಬೆರಳಾಡಿಸಿದರು.
"ನೀನಾ?"
"ನೀವಾ?"
ಇವರು ಪೇಪರು ಮಡಚಿಟ್ಟರು.
"ನಿಮ್ಮ ಚೀಫ್‌ಗೆ ಪ್ರಶಸ್ತಿ, ನನಗೆ ಕೈಕೋಳ. ಗುಟ್ಟು ಕಾಯ್ತೀನಿ ಅಂತ ಸಹಿ ಹಾಕಿದ್ದು ನಾನು. ಅವರೆಲ್ಲಿ ಹಾಕಿದ್ರು?"
"ಮತ್ತೆ ಯಾಕ್ರೀ ಕಳಿಸಿದ್ರಿ?"
"ಇವಳ ಬಾಟಲಿಗೆ ನೀರು ಕಾಯಿಸೋವಾಗೆಲ್ಲ ಆ ಬಾವಿಗಳೇ ಕಣ್ಮುಂದೆ ಬರ್ತಿದ್ವು..."
'ಹೆಸರು ಹೇಳಲಿಚ್ಛಿಸದ ಮೂಲಗಳು' — ಎಷ್ಟು ಸಲ ತಿದ್ದಿದ್ದೇನೋ ಈ ಸಾಲನ್ನು. ಆ ಮೂಲಕ್ಕೊಂದು ಮಗು ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಮಾರ್ಚ್ 7
ಟಿವಿಯಲ್ಲಿ ಚೀಫ್. ವರದಿಯನ್ನೇ ಎತ್ತಿ ಹಿಡಿದು ಆಡಿಸುತ್ತಿದ್ದಾರೆ. ಪಿನ್ನು ಮಿನುಗಿತು. ಫೋನು ಮಾಡಿ ಕೂಗಾಡಿದೆ.
"ಜನ ಪ್ರೂಫ್ ಕೇಳ್ತಾರಮ್ಮ! ಪಿನ್ನಿನ ಮೇಲೆ ಹೆಸರೇನಾದ್ರೂ ಬರೆದಿರುತ್ತಾ?" ಅಂತ ನಕ್ಕರು.
ಬರೆದಿದೆ ಅನ್ನುವ ಹಾಗಿಲ್ಲ. ಫೋನಿಟ್ಟೆ.

ಮಾರ್ಚ್ 11, ಬೆಳಿಗ್ಗೆ 7
ಹತ್ತು ಗಂಟೆಗೆ ಕಡತ ವಿಭಾಗದವರೆಲ್ಲ ವಿಚಾರಣೆಗೆ ಬರಬೇಕಂತೆ. ಒಬ್ಬೊಬ್ಬರಾಗಿ. ಎದುರಿಗೇ ಕಾಗದಕ್ಕೆ ಪಿನ್ನು ಹೊಡೆಸಿ ನೋಡುತ್ತಾರಂತೆ. ವಿಚಾರಿಸುವವರು ಹೊರಗಿನವರು; ಆಫೀಸಿನವರು ಯಾರೂ "ಎಡಚ" ಅಂದುಬಿಡದಿದ್ದರೆ ಸಾಕು.
ಇವರು ಮೇಜಿನ ತುಂಬ ಹಳೆಯ ಕಾಗದ ಹರಡಿಕೊಂಡಿದ್ದಾರೆ. ಬಲಗೈಯಲ್ಲಿ ಸ್ಟೇಪ್ಲರ್, ಎಡ ಮೂಲೆಗೆ. ಸೊಟ್ಟ. ಮತ್ತೆ ಸೊಟ್ಟ. ಟಕ್ ಅಂದಾಗೆಲ್ಲ ಮಗು ಕೇಕೆ ಹಾಕಿ ನಗುತ್ತಾಳೆ. ಕೊನೆಗೊಂದು ನೆಟ್ಟಗೆ ಬಿತ್ತು.
"ನೋಡೇ, ಬಂತು!" ಅಂತ ಸ್ಟೇಪ್ಲರ್ ಕೆಳಗಿಟ್ಟು ಕಟ್ಟು ನನ್ನತ್ತ ಚಾಚಿದರು.
ಚಾಚಿದ್ದು ಎಡಗೈ—