ಅಕ್ಕಿಯ ಮೇಲೆ ಬರೆದ ಹೆಸರು

ಅನಗೋಳ, ಬೆಳಗಾವಿ
೧೨ ಆಗಸ್ಟ್ ೨೦೦೧

ಪ್ರೀತಿಯ ಸೋಮಲಿಂಗಣ್ಣನಿಗೆ ತಂಗಿಯ ಶರಣು.

ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಇರುವ ಸಿಟ್ಟೇ ಬೆಟ್ಟದಷ್ಟಿದೆ ಎಂದು ಗೊತ್ತು. ಅವ್ವನನ್ನು ಮಣ್ಣು ಮಾಡಿದ ಮೇಲೆ ನಾನು ಖಾನಾಪುರ ಮುಟ್ಟಿದಾಗ ನೀನು ಅಂದೆಯಲ್ಲ, "ನಿನಗ ಕಂಪ್ಯೂಟರ್ ದೊಡ್ಡದಾತು, ಹೆತ್ತಾಕಿ ಬ್ಯಾಡಾದ್ಲು" ಅಂತ. ಅಂದಿನಿಂದ ಆ ಮಾತೇ ಕಿವಿಯಲ್ಲಿ ಕುಳಿತಿದೆ. ನಡೆದದ್ದನ್ನು ಕೇಳು, ಆಮೇಲೆ ಬೈ.

ಅವ್ವ ಹೋದ ದಿನ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್ ಪುಟಕ್ಕೊಂದು ಫಂಕ್ಷನ್, ಅಂದರೆ ಒಂದೇ ಕೆಲಸ ಮಾಡುವ ನಾಲ್ಕು ಸಾಲು, ಬರೆದಿದ್ದೆ. ವಿದ್ಯಾರ್ಥಿಯ ಅಂಕ ಕೂಡಿಸಿ ಮೊತ್ತ ಹೇಳುವುದು ಅದರ ಕೆಲಸ. ಒಳಗೆ ಕೂಡಿಸುತ್ತಿತ್ತು, ಮೊತ್ತಕ್ಕೆ ನಾನಿಟ್ಟ ಹೆಸರು ಹಿಡಿದು ಹೊರಗಿನಿಂದ ಕೇಳಿದರೆ ಅಂಥದ್ದು ಯಾವುದೂ ಇಲ್ಲ ಎನ್ನುತ್ತಿತ್ತು. ಕಲಿಸುವ ಈರಯ್ಯ ಸರ್ ನಕ್ಕರು. "ಆ ಹೆಸರು ಫಂಕ್ಷನ್ ಒಳಗಷ್ಟ ನಡೀತೈತ್ರಿ. ಹೊರಗ ಯಾರೂ ಗುರ್ತಾ ಹಿಡಿಯಂಗಿಲ್ಲ. ಬೇಕಂದ್ರ ರಿಟರ್ನ್ ಮಾಡಸ್ರಿ, ಹೊರಗ ಕೊಡ್ತೈತಿ." ರಿಟರ್ನ್ ಎಂದು ಬರೆದೆ. ಆಗಲೂ ಅದೇ ಪಾಡು. "ಅದು ಕೊಟ್ಟೈತ್ರಿ, ನೀವ ಇಸ್ಕೊಂಡಿಲ್ಲ" ಅಂದರು. ಬಂದದ್ದನ್ನು ಹೊರಗೆ ಒಂದು ಹೆಸರಿಟ್ಟು ಹಿಡಿದುಕೊಳ್ಳಬೇಕಂತೆ. ನನ್ನ ಮಂದ ತಲೆಗೆ ಅದು ಹತ್ತಲೇ ಇಲ್ಲ.

ನೀನು ಕಳಿಸಿದ ಹಣಮಪ್ಪ ಕಾಕಾ ಎಸ್‌ಟಿಡಿ ಬೂತಿನಿಂದ, ಮನೆಯಲ್ಲಿ ಫೋನಿಲ್ಲವೆಂದು ನಾನು ಕೊಟ್ಟಿದ್ದ ನಂಬರಿಗೆ, ಕ್ಲಾಸಿಗೆ ಫೋನ್ ಮಾಡಿದ್ದು ಆಗಲೇ. ಅವನು ಕೇಳಿದ್ದು ಚಂದ್ರವ್ವನನ್ನು. ಮದುವೆಯಲ್ಲಿ ನಮ್ಮ ಮನೆಯವರು ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಅನುರಾಧಾ ಎಂದು ನನಗೆ ಹೊಸ ಹೆಸರು ಬರೆದ ಮೇಲೆ ಬೆಳಗಾವಿಯಲ್ಲಿ ಚಂದ್ರವ್ವ ಯಾರಿಗೆ ಗೊತ್ತು? ಫೋನ್ ಎತ್ತಿದ ಹುಡುಗಿ "ಚಂದ್ರವ್ವ ಅನ್ನಾರು ಇಲ್ಲಿ ಯಾರೂ ಇಲ್ರಿ" ಎಂದು ಇಟ್ಟುಬಿಟ್ಟಳು. ಮರುದಿನ ಕಾಕಾ ಅನಗೋಳಕ್ಕೇ ಬಂದು ಬಾಗಿಲಲ್ಲಿ ಕುಸಿದು ಕುಳಿತ. "ಫೋನ್ ಮಾಡಿದ್ನೆವಾ, ಇಲ್ಲಂದ್ರು. 'ಚಂದ್ರಿ ಬಂದ್ಲೇನ' ಅಂತ ಕೇಳ್ಕೋತನ ಹೋದ್ಲು ನಿಮ್ಮವ್ವ."

ಯಾರನ್ನು ಬೈಯಲಿ ಅಣ್ಣಾ? ಹುಡುಗಿ ಸುಳ್ಳು ಹೇಳಲಿಲ್ಲ. ಕಾಕಾ ತಪ್ಪು ಕೇಳಲಿಲ್ಲ. ಕ್ಲಾಸಿಗೆ ಹೋಗಲು ಈಗ ಕಾಲು ಏಳುತ್ತಿಲ್ಲ, ಮನೆಯಲ್ಲಿ ಕುಳಿತರೂ ಜೀವ ನಿಲ್ಲುತ್ತಿಲ್ಲ. ನೀನೂ ನನ್ನನ್ನು ಬಿಟ್ಟರೆ ತವರು ಎಂದು ಯಾರ ಹತ್ತಿರ ಬರಲಿ?

ವೈನಿಗೆ ನಮಸ್ಕಾರ. ನಿನ್ನ ಮಗಳು ಸಾಕ್ಷಿಗೆ ನನ್ನ ಆಶೀರ್ವಾದ, ಚೆನ್ನಾಗಿ ಓದಲಿ. ಬೈದಾದರೂ ಸರಿ, ಒಂದು ಸಾಲು ಬರೆ.

ನಿನ್ನ ತಂಗಿ,
ಚಂದ್ರವ್ವ

ತಾ.ಕ.: ಆ ಹುಡುಗಿಯ ಮೇಜು ನನ್ನ ಬಾಜುವಿಗೇ ಇತ್ತು ಅಣ್ಣಾ. ಅವಳು ಫೋನಿನಲ್ಲಿ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಬೇರೆ ಯಾರನ್ನೋ ಕೇಳುತ್ತಿದ್ದಾರೆ ಅಂದುಕೊಂಡೆ.