ಬಾಯಿ ಬಿಡದ ವಿಂಡೋ

ಕುಂತೂರು
೧೯ ಜನವರಿ ೨೦೨೫

ಪ್ರೀತಿಯ ದಿವ್ಯ,

ಮದುವೆಯಾದ ಮೇಲೆ ಮರೆತೇಬಿಟ್ಟಳು ಅಂತ ಬೈದುಕೊಂಡಿರುತ್ತೀಯ. ತಡವಾಯಿತು, ಕ್ಷಮಿಸು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಕಾಗದ. ನನ್ನ ಕನ್ನಡ ನೋಡಿ ನಗಬೇಡ!

ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! ಭಾನುವಾರ ಇವರು ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ದೋಸೆ ಕೊಡಿಸುತ್ತಾರೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೂ ನಮಗೆ ಬೇಜಾರೇ ಇಲ್ಲ. ಆ ಟ್ರ್ಯಾಕ್ಟರುಗಳ ಬಿಡಿಭಾಗಗಳದ್ದೇ ನಮ್ಮ ಅಂಗಡಿ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ಇವರ ಅಕ್ಕ, ಶಿವರಂಜನಿ ಅತ್ತಿಗೆ. ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಓದಿ ಹೇಳುತ್ತಿತ್ತು. ಅವರು ಕೇಳಿಕೊಂಡು ಚಕಚಕನೆ ಬಿಲ್ ಮಾಡುತ್ತಿದ್ದರು.

ಆ ಹಳೆಯ ಪ್ರೋಗ್ರಾಂ ನೋಡಲು ಚೆನ್ನಾಗಿರಲಿಲ್ಲ. ಪೈಥಾನ್ ಭಾಷೆಯಲ್ಲಿ ನಾನೇ ಹೊಸದು ಮಾಡುತ್ತೇನೆಂದು ಹಾರಾಡಿದೆ. ಪರದೆಯ ವಿಂಡೋ, ಬಟನ್‌ಗಳನ್ನು ಕಟ್ಟಲು ಯಾವ ಟೂಲ್‌ಕಿಟ್ ಒಳ್ಳೆಯದು ಅಂತ ಕೇಳಿದಾಗ ನೀನು, "ಡಬ್ಲ್ಯೂಎಕ್ಸ್ ತಗೋ ಕಣೇ, ವಿಂಡೋಸಿನದೇ ಬಟನ್ ಬಳಸುತ್ತೆ, ನಿಮ್ಮ ಅತ್ತಿಗೆಗೆ ಕಂಪ್ಯೂಟರ್ ಓದಿ ಹೇಳುತ್ತೆ" ಅಂದಿದ್ದೆ. ನಾನು ಟಿಕಿಂಟರ್ ಅನ್ನೋ ಇನ್ನೊಂದು ಟೂಲ್‌ಕಿಟ್ ತೆಗೆದುಕೊಂಡೆ. ಅದರಲ್ಲಿ ದುಂಡನೆಯ ಬಟನ್‌ಗಳ, ನವಿಲು ಬಣ್ಣದ ಥೀಮ್ ಸಿಕ್ಕಿತ್ತು! ಓದದಿದ್ದರೆ ಆಮೇಲೆ ನೋಡೋಣ ಅಂದುಕೊಂಡೆ.

ಅಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಿದ ದಿನ ಮಾವ, "ಲೇ, ಮದ್ವೆ ಚಪ್ರ ಇದ್ದಂಗದೆ ಕಣ್ಲಾ!" ಎಂದು ಇವರ ಬೆನ್ನು ತಟ್ಟಿದರು. ಅತ್ತಿಗೆ ಕೀ ಒತ್ತಿದರು. ಮತ್ತೆ ಒತ್ತಿದರು.

"ಯಾಕವ್ವ ನಾಗಶ್ರೀ, ಇದು ಬಾಯೇ ಬುಡ್ತಿಲ್ವಲ್ಲ? ನಿನ್ನ ಕಂಡು ನಾಚ್ಕಂಡದಾ?"

ಎಲ್ಲರೂ ನಕ್ಕರು. ಎದುರಿಗೆ ನಿಂತಿದ್ದ ಟ್ರ್ಯಾಕ್ಟರ್ ಡ್ರೈವರ್, "ಬೇರಿಂಗ್ ಬಿರ್ನೆ ಕೊಡಿ, ಲೋಡು ರೋಡಲ್ಲೇ ನಿಂತದೆ" ಎಂದು ಗೊಣಗಿದ. "ಸದ್ಯಕ್ಕೆ ಸೊಸೆನೇ ಕೂತ್ಕಳ್ಳಿ" ಅಂದರು ಮಾವ. ಅತ್ತಿಗೆ ಎದ್ದು, ನಾನು ಕೂರುವವರೆಗೂ ಕುರ್ಚಿ ಹಿಡಿದುಕೊಂಡಿದ್ದರು.

ಹಳೆಯದನ್ನು ನಾನು ಆಗಲೇ ಅಳಿಸಿಹಾಕಿದ್ದೆ, ದಿವ್ಯ.

ಈಗ ಅವರು ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾರೆ. ಡಬ್ಲ್ಯೂಎಕ್ಸಿನಲ್ಲಿ ಮತ್ತೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ನಾನು ಸಂಜೆ ಬಂದ ಕೂಡಲೇ ಕೇಳುತ್ತಾರೆ, "ಆಯ್ತೇನವ್ವ? ನಿಧಾನಕ್ಕೇ ಮಾಡು, ಕಣ್ಣು ನೋಯಿಸ್ಕಬ್ಯಾಡ."

ಅಮ್ಮನಿಗೆ ನಮಸ್ಕಾರ ಹೇಳು. ಮಾದಪ್ಪ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ನಾಗಶ್ರೀ

ತಾ.ಕ.: ಡಬ್ಲ್ಯೂಎಕ್ಸಿನದು ಸಂಕ್ರಾಂತಿಗೆ ಮೊದಲೇ ಮುಗಿದಿದೆ. ಇಯರ್‌ಫೋನ್ ಹಾಕಿಕೊಂಡು ಕೇಳಿದೆ, ಒಂದೊಂದು ಬಟನ್ನನ್ನೂ ಓದುತ್ತದೆ. ಆದರೆ ಅಂಗಡಿಯಲ್ಲಿ ಕೂತರೆ ಇವರು ಇಡೀ ದಿನ ನನ್ನ ಪಕ್ಕದಲ್ಲೇ ಇರುತ್ತಾರೆ, ದಿವ್ಯ. ನಿನ್ನೆಯೂ ಅತ್ತಿಗೆಗೆ, "ಇನ್ನೊಂಚೂರು ಇದೆ" ಅಂದೆ.