ಲೋಟ ತುಂಬಿಸಿದ ಸಾಹೇಬರಿಗೆ

ಸಮುದಾಯ ಭವನದ ಮಾನ್ಯ ಆಡಳಿತಾಧಿಕಾರಿಗಳೇ,

ನಾಗರಿಕತೆಯ ಇತಿಹಾಸದಲ್ಲಿ ಹೊಸ ಅಧ್ಯಾಯವೊಂದು ತೆರೆದಿದೆ ಎಂದು ಸಮಸ್ತರಿಗೂ ತಿಳಿಸಲು ಹರ್ಷಿಸುತ್ತೇನೆ: ನಿಮ್ಮ ಭವನದ ಮಹಡಿಯ ಕೋಣೆಯಲ್ಲಿ, ಕುಡಿತ ಬಿಡಲು ಹೆಣಗುವವರು ಗುರುವಾರ ಸಂಜೆ ಸೇರುವ ಸಭೆಯಲ್ಲಿ, ಟೀ ಲೋಟಗಳು ಇನ್ನು ಮುಂದೆ ಅಂಚಿನವರೆಗೆ ತುಂಬಿರತಕ್ಕದ್ದು. ಆದೇಶ ನಿಮ್ಮದು. ಅದರ ಮೊದಲ ಫಲಾನುಭವಿ ನನ್ನ ತಮ್ಮ. ಅವನೀಗ ಸಭೆಗೆ ಬರುತ್ತಿಲ್ಲ, ಮತ್ತೆ ಕುಡಿಯುತ್ತಿದ್ದಾನೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ, ನಿಮಗೆ ವಿವರಣೆ ಬೇಕಾಗುತ್ತದೆಂದು ಅನುಭವದಿಂದ ಬಲ್ಲೆ.

ನನ್ನ ತಮ್ಮ ಹಲ್ಲು ಕಟ್ಟುವವನು. ಡಾಕ್ಟರಲ್ಲ, ಡಾಕ್ಟರು ಅಳತೆ ಕಳಿಸಿದರೆ ಲ್ಯಾಬಿನಲ್ಲಿ ಕೂತು, ಮೇಣ ಕೆತ್ತಿ, ಹಲ್ಲು ಮಾಡಿಕೊಡುವವನು. ಅವನ ಕೈ ಕೂದಲೆಳೆಯಷ್ಟು ಅಲುಗಿದರೂ ಯಾರದೋ ಬಾಯಲ್ಲಿ ಮೇಲಿನ ದವಡೆ ಕೆಳಗಿನದರ ಮೇಲೆ ಮುನಿಸಿಕೊಳ್ಳುತ್ತದೆ. ಕುಡಿತ ಹತ್ತಿದ ಮೇಲೆ, ಬೆಳಿಗ್ಗೆ ಒಂದು ಗುಟುಕು ಹಾಕದೆ ಆ ಕೈಯ ನಡುಕ ನಿಲ್ಲುತ್ತಿರಲಿಲ್ಲ. ಲ್ಯಾಬಿನ ಮಾಲೀಕರು "ಇನ್ನೊಂದ್ಸಲ ವಾಸ್ನೆ ಬಂತೋ, ಈ ಕಡೆ ಬರ್ಲೇಬೇಡ" ಎಂದ ದಿನ ಅವನೇ ನನ್ನ ಮನೆಗೆ ಬಂದು, "ಅಕ್ಕಾ, ಬಿಡಿಸೋ ಸಭೆ ಅಂತ ಏನೋ ಇದ್ಯಂತಲ್ಲ, ಹುಡುಕ್ತೀಯಾ?" ಎಂದ.

ಹುಡುಕಿದೆ. ಬಾರು ಹುಡುಕಲು ಯಾರೂ ಅಕ್ಕನ ಸಹಾಯ ಕೇಳುವುದಿಲ್ಲ. ಅವು ಪ್ರತಿ ಮೂಲೆಯಲ್ಲೂ ದೀಪ ಹಚ್ಚಿಕೊಂಡು ಕಾದಿರುತ್ತವೆ. ಸಭೆಯ ವಿಳಾಸ ಮಾತ್ರ ಆಸ್ಪತ್ರೆಯ ಹಿಂಬದಿ ಗೋಡೆಯಲ್ಲಿ, ಮೂಲವ್ಯಾಧಿಯ ಜಾಹೀರಾತಿನ ಅಡಿಯಲ್ಲಿ, ಅರ್ಧ ಹರಿದು ಸಿಕ್ಕಿತು. ನಿಮ್ಮ ವಿಚಾರಣಾ ಕಿಂಡಿಯಲ್ಲಿ ಪಿಸುದನಿಯಲ್ಲಿ ಕೇಳಿದರೆ, ಗುಮಾಸ್ತರು ಸಾಲಿನಲ್ಲಿದ್ದ ಸರ್ವರಿಗೂ ಉಪಕಾರವಾಗಲೆಂದು ಕೂಗಿದರು: "ಓ, ಕುಡುಕರ ಮೀಟಿಂಗಾ? ಮೇಲ್ ಹೋಗಿ, ಎಡಕ್ಕೆ! ಯಾರಿಗಮ್ಮಾ, ನಿಮಗಾ?"

"ಹೌದು, ನನಗೇ" ಎಂದೆ. ತಮ್ಮ ನನ್ನ ಬೆನ್ನಹಿಂದೆ ನಿಂತು ಗೋಡೆಯ ಬಣ್ಣವನ್ನು ಅಧ್ಯಯನ ಮಾಡುತ್ತಿದ್ದ.

ಆ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಹೊಸಬರಿಗೆ ಟೀ ಅರ್ಧ ಲೋಟ ಮಾತ್ರ. ಸುರಿಯುವವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಮೇಜಿನ ಡ್ರಾಯರಿನಲ್ಲಿ ಬಾಟಲಿ ಇಟ್ಟುಕೊಂಡೇ ಎಷ್ಟೋ ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವರು. ಕುಡಿತ ಬಿಟ್ಟ ಹೊಸತರಲ್ಲಿ ಕೈ ನಡುಗುತ್ತದೆ. ಅರ್ಧ ಲೋಟವಾದರೆ ನಡುಗಿದರೂ ಚೆಲ್ಲುವುದಿಲ್ಲ, ಪಕ್ಕದವರಿಗೆ ಕಾಣುವುದಿಲ್ಲ. ಇದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಡುಕ ನಿಂತ ಮೇಲೆ, ಒಂದು ಸಂಜೆ ಲೋಟ ತಾನಾಗಿ ತುಂಬಿ ಬರುತ್ತದೆ. ತಮ್ಮ ಆ ಸಂಜೆಗಾಗಿ ಕಾಯುತ್ತಿದ್ದ.

ಬಂದವರು ನೀವು, ಫೋಟೋಗ್ರಾಫರ್ ಸಮೇತ. ಮುಖ ಮರೆಯಲ್ಲಿರಲೆಂದೇ ಜನ ಸೇರುವ ಸಭೆಗೆ ಕ್ಯಾಮೆರಾ ತರುವ ಯೋಚನೆ ಸಾಮಾನ್ಯ ಬುದ್ಧಿಗೆ ಹೊಳೆಯುವಂಥದ್ದಲ್ಲ. ನಾನು ಬಾಗಿಲಾಚೆಯ ಬೆಂಚಿನಲ್ಲಿದ್ದೆ; ಬಾಗಿಲು ತೆರೆದಿತ್ತು. ನೀವು ತಮ್ಮನ ಲೋಟಕ್ಕೆ ಇಣುಕಿದಿರಿ. "ಏನಮ್ಮಾ ಇದು ಜಿಪುಣತನ? ನಮ್ಮ ಭವನದ ಮರ್ಯಾದೆ ಏನಾಗ್ಬೇಕು?"

"ಸಾರ್, ಅವರಿಗೆ ಅಷ್ಟೇ ಸಾಕು" ಎಂದರು ಹೆಡ್‌ಮಿಸ್ಟ್ರೆಸ್.

"ರೀ, ಟೀ ಕೊಡೋಕೂ ಕೈ ಬರಲ್ವಾ?" ಎಂದು ಕೆಟಲ್ ಕಿತ್ತುಕೊಂಡು ನೀವೇ ಸುರಿದಿರಿ. "ಹಿಡ್ಕೊಳಪ್ಪಾ, ಎಲ್ಲಿ, ಈ ಕಡೆ ನೋಡು." ನನ್ನ ತಮ್ಮ ಎರಡೂ ಕೈಯಲ್ಲಿ ಹಿಡಿದ. ಟೀ ಮೊದಲು ಅವನ ಬೆರಳಿಗೆ, ಆಮೇಲೆ ಪ್ಯಾಂಟಿಗೆ, ಕೊನೆಗೆ ನಿಮ್ಮ ಬೂಟಿಗೆ ಚೆಲ್ಲಿತು. ನೀವು ನಕ್ಕಿರಿ. "ಓಹೋ, ಇಲ್ಲಿಗೂ ಹಾಕ್ಕೊಂಡೇ ಬಂದವ್ನೆ ಪುಣ್ಯಾತ್ಮ!"

ಮಾನ್ಯರೇ, ಹಾಕಿಕೊಂಡು ಬಂದಿದ್ದರೆ ಆ ಕೈ ನಡುಗುತ್ತಲೇ ಇರಲಿಲ್ಲ. ಹಾಕಿಕೊಳ್ಳದೆ ಬಂದಿದ್ದಕ್ಕೇ ನಡುಗಿತು. ಇಷ್ಟು ತಿಳಿಯಲು ಪದವಿ ಬೇಕೇ? ಅಥವಾ ನಿಮಗಿರುವಷ್ಟು ದೊಡ್ಡ ಪದವಿಯಿದ್ದರೆ ತಿಳಿಯುವುದೇ ಇಲ್ಲವೇ? ನನ್ನ ತಮ್ಮ ಲೋಟವನ್ನು ನೆಲದ ಮೇಲಿಟ್ಟು ಎದ್ದು ಬಂದ. ಮರುದಿನ ಬೆಳಿಗ್ಗೆ ಅವನ ಕೈ ಒಂಚೂರೂ ನಡುಗುತ್ತಿರಲಿಲ್ಲ. ಅದನ್ನು ನೋಡಿಯೇ ಅವನ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು.

ಆ ಕೋಣೆಯಲ್ಲಿ ಕಂಡದ್ದು ಹೊರಗೆ ಬರಬಾರದೆಂಬುದು ಅಲ್ಲಿನ ನಿಯಮ. ಹೆಡ್‌ಮಿಸ್ಟ್ರೆಸ್ ಕಥೆಯನ್ನು ಅವರ, ತಮ್ಮನ ಕಥೆಯನ್ನು ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ. "ಬರ್ಕೋ ಹೋಗು, ಹೆಸರೊಂದು ಬೇಡ" ಎಂದ. ಆದರೆ ಲ್ಯಾಬಿನಲ್ಲಿ ಕಂಡದ್ದಕ್ಕೆ ಆ ನಿಯಮ ಅನ್ವಯಿಸದು. ಅಂದು ನೀವು ನಗುವಾಗ ಫಳಫಳ ಹೊಳೆದ ಹಲ್ಲಿನ ಮೇಲ್ಸಾಲನ್ನು ಕೆತ್ತಿದವನು ಅವನೇ. ಗುರುತು ಹಿಡಿದಿದ್ದ. ಮನೆಗೆ ನಡೆಯುವ ದಾರಿಯಲ್ಲಿ, "ಚೆನ್ನಾಗಿ ಕೂತಿದೆ ಅಕ್ಕಾ. ಅಷ್ಟು ನಕ್ರೂ ಅಲ್ಲಾಡ್ಲಿಲ್ಲ" ಎಂದ.

ಆದ್ದರಿಂದ ಅಂದು ನೀವು ಹೊರಡಿಸಿದ ಟೀ ಆದೇಶ ರದ್ದಾಗಲಿ. ನಿಮ್ಮ ಸೂಚನಾ ಫಲಕದಲ್ಲಿ ತೂಗುತ್ತಿರುವ, ಅಂದೇ ತೆಗೆಸಿದ ಆ ಫೋಟೋ ಇಂದೇ ಕೆಳಗಿಳಿಯಲಿ. ಹೆಡ್‌ಮಿಸ್ಟ್ರೆಸ್ ಅವರಿಗೆ ಕೆಟಲ್ ಹಿಂದಿರುಗಲಿ, ಕ್ಷಮೆ ಸಮೇತ. ಕ್ಷಮೆ ದಾಸ್ತಾನಿನಲ್ಲಿ ಇಲ್ಲದಿದ್ದರೆ ಕೆಟಲ್ ಸಾಕು.

ಹೆಡ್‌ಮಿಸ್ಟ್ರೆಸ್ ತಾವೇ ನನ್ನ ತಮ್ಮನ ಮನೆಗೆ ಹೋಗಿ, ಬೈದು, ಕೂತು, ಮಾತಾಡಿ ಬಂದಿದ್ದಾರೆ. ಈ ಗುರುವಾರ ಬರುತ್ತೇನೆಂದು ಒಪ್ಪಿದ್ದಾನೆ. "ಆದ್ರೆ ಆ ಮನುಷ್ಯ ಇದ್ರೆ ನಾನು ಮೆಟ್ಲು ಹತ್ತಲ್ಲ" ಎಂದಿದ್ದಾನೆ. ಅದಕ್ಕೇ ಒಂದು ಸಣ್ಣ ಉಪಕಾರ ಬೇಡುತ್ತೇನೆ: ಗುರುವಾರ ದಯವಿಟ್ಟು ಕಚೇರಿಯಿಂದ ಬೇಗ ಮನೆಗೆ ಹೋಗಿ. ಉಳಿದ ದಿನಗಳಲ್ಲಿ ಹೋಗುವಷ್ಟೇ ಬೇಗ ಸಾಕು.

ಇಂತಿ,
ನಿಮ್ಮ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹುಡುಕಿ ಸೋತ
ಒಬ್ಬ ಅಕ್ಕ